ನೆಟ್ ಇಲ್ಲ ಎಂದರೆ ಎಲ್ಲಿಂದ ಇಲ್ಲ?

ವಿಂಡೋಸ್ ಕಂಪ್ಯೂಟರಿನ ಬಲಮೂಲೆಯಲ್ಲಿ ಭೂಗೋಳದ ಚಿಹ್ನೆ ಮೂಡಿ ‘ನೋ ಇಂಟರ್ನೆಟ್’ ಎಂದು ಬಂದರೆ ಅದು ಹೇಳುವುದು ತೀರಾ ಸ್ವಲ್ಪ. ನೆಟ್‌ವರ್ಕಿಗೆ ಸೇರಿದ ಕೂಡಲೇ ವಿಂಡೋಸ್ ತನ್ನಷ್ಟಕ್ಕೆ ಮೈಕ್ರೋಸಾಫ್ಟಿನ ಒಂದು ಸರ್ವರಿಗೆ ಹೋಗಿ ಅಲ್ಲಿಂದ ಪುಟ್ಟ ಫೈಲೊಂದನ್ನು ತರಲು ನೋಡುತ್ತದೆ. ಆ ಫೈಲಿನಲ್ಲಿರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದ. ಅದು ಸಿಗದಿದ್ದರೆ ಭೂಗೋಳ ಕಾಣಿಸಿಕೊಳ್ಳುತ್ತದೆ. ಕಳಿಸಿದ ಆಳು ಬರಿಗೈಲಿ ಬಂದ ಎನ್ನುವುದಷ್ಟೇ ಅದರ ಸುದ್ದಿ. ಅವನನ್ನು ನಮ್ಮ ಹೊಸ್ತಿಲಲ್ಲೇ ತಡೆದರೋ, ಊರಾಚೆ ದಾರಿ ಕುಸಿದಿತ್ತೋ ನಾವೇ ಹುಡುಕಬೇಕು. ಹತ್ತಿರದಿಂದ ದೂರಕ್ಕೆ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋಗುವುದು ಇದಕ್ಕಿರುವ ದಾರಿ. ಒಟ್ಟಿಗೆ ನಾಲ್ಕು ಕಡೆ ಕೈಯಾಡಿಸಿದರೆ ನೆಟ್ ಬಂದರೂ ಯಾವುದರಿಂದ ಬಂತು ಎಂದು ಗೊತ್ತಾಗದು. ಮುಂದಿನ ವಾರ ಮತ್ತೆ ಹೋದಾಗ ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ.

ಶುರುಮಾಡುವ ಮೊದಲೇ ಒಂದು ಎಚ್ಚರಿಕೆ. ರೂಟರಿನ ಹಿಂದಿರುವ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದರೊಳಗಿರುವುದು ಫ್ಯಾಕ್ಟರಿ ರೀಸೆಟ್ ಗುಂಡಿ. ಹತ್ತು ಸೆಕೆಂಡು ಒತ್ತಿ ಹಿಡಿದರೆ ಕಂಪನಿಯವರು ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಅವರ ಜಾಲದಲ್ಲಿ ನಿಮ್ಮ ಸಂಪರ್ಕ ಹಾಯುವ ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಅವು ಬಹುತೇಕ ಮನೆಗಳಲ್ಲಿ ಎಲ್ಲೂ ಬರೆದಿಟ್ಟಿರುವುದಿಲ್ಲ. ಬೇಕಾದದ್ದು ರೀಸ್ಟಾರ್ಟ್ ಮಾತ್ರ. ಅದಕ್ಕೆ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಒಳಗಿನ ಕೆಪಾಸಿಟರುಗಳು ಪೂರ್ತಿ ಖಾಲಿಯಾಗಲೆಂದು ಆ ಅರ್ಧ ನಿಮಿಷ. ಬಳಿಕ ಮೂರು ನಿಮಿಷ ಸುಮ್ಮನೆ ಕಾಯಿರಿ, ರೂಟರ್ ಪೂರ್ತಿ ಎದ್ದು ಕಂಪನಿಯ ಕಡೆ ಲಾಗಿನ್ ಆಗಲು ಅಷ್ಟು ಹೊತ್ತು ಬೇಕು.

ಈಗ ಮೊಬೈಲ್ ತೆಗೆದುಕೊಳ್ಳಿ. ಅದರ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಒಂದರಿಂದಲೇ ಯಾವುದಾದರೂ ತಾಣ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆತರೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ವೈಫೈ ಸತ್ತಿದ್ದರೆ ಫೋನು ಸದ್ದಿಲ್ಲದೆ ಸಿಮ್ಮಿಗೆ ಜಿಗಿಯುತ್ತದೆ. ಫೋನಿನಲ್ಲಿ ತಾಣ ತೆರೆದರೆ ಕಂಪ್ಯೂಟರನ್ನು ನೋಡಿ. ತೆರೆಯದಿದ್ದರೆ ರೂಟರಿನ ಕಡೆ ನಡೆಯಿರಿ.

ಕಂಪ್ಯೂಟರಿನದೇ ದೋಷ ಎಂದಾದರೆ ಆದೇಶಗಳನ್ನು ಟೈಪಿಸುವ ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ‘ಐಪಿವಿ4 ಅಡ್ರೆಸ್’ ಮತ್ತು ‘ಡಿಫಾಲ್ಟ್ ಗೇಟ್‌ವೇ’ ಎರಡನ್ನೇ ನೋಡಿದರೆ ಸಾಕು. ಮೊದಲನೆಯದು ಕಂಪ್ಯೂಟರಿನ ವಿಳಾಸ, ಎರಡನೆಯದು ರೂಟರಿನದು. ಸಾಮಾನ್ಯ ಮನೆಯಲ್ಲಿ ವಿಳಾಸ 192.168 ಎಂದು ಶುರುವಾಗುತ್ತದೆ, ಗೇಟ್‌ವೇ 192.168.1.1 ಅಥವಾ ಅಂಥದ್ದೇ ಏನೋ ಇರುತ್ತದೆ. ಅದರ ಬದಲು 169.254 ಎಂದು ಶುರುವಾಗುವ ವಿಳಾಸ ಕಂಡರೆ ದೋಷದ ಜಾಗ ಅರ್ಧ ಸಿಕ್ಕಿತೆಂದೇ ಲೆಕ್ಕ. ನೆಟ್‌ವರ್ಕಿಗೆ ಸೇರಿದ ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಅದಕ್ಕೆ ಓಗೊಡಬೇಕು. ಕೂಗಿ ಕೂಗಿ ಯಾರೂ ಉತ್ತರಿಸದಿದ್ದಾಗ ಕಂಪ್ಯೂಟರ್ ತಾನೇ 169.254ರ ಸಾಲಿನಲ್ಲಿ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಆ ವಿಳಾಸದಿಂದ ಮನೆಯಾಚೆ ಹೋಗಲಾಗದು. ಕೂಗು ರೂಟರಿಗೆ ಮುಟ್ಟಿಲ್ಲ, ಇಲ್ಲವೇ ರೂಟರ್ ಮಾತಾಡುತ್ತಿಲ್ಲ. ‘ಐಪಿಕಾನ್ಫಿಗ್ ಸ್ಲ್ಯಾಶ್ ರಿನ್ಯೂ’ (ipconfig /renew) ಕೊಟ್ಟು ಇನ್ನೊಮ್ಮೆ ಕೂಗಿಸಿ. ಆಗಲೂ ಬರದಿದ್ದರೆ ಕೇಬಲ್, ವೈಫೈ, ರೂಟರ್ ರೀಸ್ಟಾರ್ಟ್ ಈ ಕ್ರಮದಲ್ಲಿ ನೋಡಿ.

ಇನ್ನೊಂದು ತೊಂದರೆ ಇತ್ತೀಚೆಗೆ ಮನೆಮನೆಯಲ್ಲೂ ಕಾಣುತ್ತದೆ. ಮಹಡಿಗೆ ಸಿಗ್ನಲ್ ಸಿಗಲಿ ಎಂದು ಎರಡನೆಯ ರೂಟರ್ ತಂದು, ಮೊದಲನೆಯದರಿಂದ ಎಳೆದ ಕೇಬಲನ್ನು ಅದರ ಲ್ಯಾನ್ ತೂತಿಗೆ, ಅಂದರೆ ಮನೆಯೊಳಗಿನ ಯಂತ್ರಗಳಿಗೆಂದು ಇರುವ ತೂತಿಗೆ, ಸಿಕ್ಕಿಸಿರುತ್ತಾರೆ. ಈಗ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾದರು. ಯಾರು ಮೊದಲು ಓಗೊಡುತ್ತಾರೋ ಅವರದ್ದೇ ವಿಳಾಸ. ಬೆಳಿಗ್ಗೆ ನೆಟ್ ಇರುತ್ತದೆ, ಸಂಜೆ ಇರುವುದಿಲ್ಲ. ಅಪ್ಪನ ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಮಗಳದ್ದರಲ್ಲಿ ಬರುವುದಿಲ್ಲ. ಎರಡನೆಯ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸ ಮೊದಲನೆಯದಕ್ಕೆ ಡಿಕ್ಕಿ ಹೊಡೆಯದಂತೆ ಬದಲಿಸಬೇಕು. ಇಲ್ಲವೇ ಕೇಬಲನ್ನು ಹೊರಗಿನ ಸಂಪರ್ಕಕ್ಕೆಂದಿರುವ ಅದರ ವ್ಯಾನ್ (WAN) ತೂತಿಗೆ ಹಾಕಬೇಕು.

ಕೇಬಲ್ ವಿಷಯಕ್ಕೆ ಬರೋಣ. ಲ್ಯಾನ್ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಅದರ ಹತ್ತು ಪಟ್ಟಿನ ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಆದ್ದರಿಂದ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕಡಿದರೆ ನೆಟ್ ಪೂರ್ತಿ ಹೋಗದೆ ಸಾಮಾನ್ಯವಾಗಿ 100ಕ್ಕೆ ಇಳಿದು ನಿಲ್ಲುತ್ತದೆ. ಕಿತ್ತಳೆಯೋ ಹಸಿರೋ ಕಡಿದರೆ ಪೋರ್ಟಿನ ಪಕ್ಕದ ಪುಟ್ಟ ದೀಪವೇ ಹತ್ತದು. ಎಲ್ಲಕ್ಕಿಂತ ಹೆಚ್ಚು ಕೆಡುವುದು ತುದಿಯ ಪ್ಲಾಸ್ಟಿಕ್ ಕೊಕ್ಕೆ. ಅದು ಮುರಿದರೆ ಕನೆಕ್ಟರ್ ಒಳಗೆ ಕೂತಂತೆ ಕಂಡರೂ ಅರ್ಧ ಮಿಲಿಮೀಟರ್ ಹಿಂದೆ ಸರಿದು ಕೂಡಿಯೂ ಕೂಡದಂತಿರುತ್ತದೆ.

ವೈಫೈ ಹೆಸರೇ ಪಟ್ಟಿಯಲ್ಲಿ ಕಾಣುತ್ತಿಲ್ಲವೇ? ವೈಫೈ ಸಾಮಾನ್ಯವಾಗಿ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಪಟ್ಟಿಗಳಲ್ಲಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಚಾಲೂ ಇದ್ದರೆ ಆ ಯಂತ್ರದ ಪಾಲಿಗೆ ವೈಫೈಯೇ ಇಲ್ಲ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಕಾಂಕ್ರೀಟ್ ಗೋಡೆ ಎರಡು ಅಡ್ಡ ಬಂದರೆ 2.4 ಗಿಗಾಹರ್ಟ್ಸೇ ಮೇಲು. ಅಪಾರ್ಟ್‌ಮೆಂಟಿನಲ್ಲಿದ್ದರೆ ರೂಟರಿನ 2.4 ಚಾನೆಲನ್ನು 1, 6, 11 ಇವುಗಳಲ್ಲಿ ಒಂದಕ್ಕೆ ಇಡಿ, ಒಂದರ ಮೇಲೊಂದು ಬೀಳದ ಚಾನೆಲುಗಳು ಈ ಮೂರೇ.

ವಿಳಾಸ ಸರಿಯಾಗಿ ಬಂದಿದೆ, ಆದರೂ ತಾಣ ತೆರೆಯದು ಎಂದರೆ ಪಿಂಗ್ ಮಾಡಬೇಕು, ಅಂದರೆ ಒಂದು ವಿಳಾಸವನ್ನು ಕೂಗಿ ಕರೆದು ಅದು ಓಗೊಡುತ್ತದೆಯೇ ನೋಡಬೇಕು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಮು ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ಬಹುತೇಕ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಮೂರು ಪಿಂಗ್ ಸಾಕು. ಮೊದಲು ಗೇಟ್‌ವೇಗೆ, ಉದಾಹರಣೆಗೆ ping 192.168.1.1 ಎಂದು ಕಮಾಂಡ್ ಪ್ರಾಂಪ್ಟಿನಲ್ಲಿ ಟೈಪಿಸಿ. ಉತ್ತರ ಬಂದರೆ ಕಂಪ್ಯೂಟರಿನಿಂದ ರೂಟರಿನವರೆಗೆ ದಾರಿ ಸರಿ ಇದೆ. ನಿಮ್ಮದೇ ವಿಳಾಸದ ಹೆಸರಲ್ಲಿ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ಕಂಪ್ಯೂಟರಿಗೆ ರೂಟರೇ ಸಿಕ್ಕಿಲ್ಲ. ಎರಡನೆಯದು 8.8.8.8ಕ್ಕೆ, ಇದು ಗೂಗಲ್ ನಡೆಸುವ ಸರ್ವರು. ಇದಕ್ಕೂ ಉತ್ತರ ಬಂದರೆ ಇಂಟರ್ನೆಟ್ ಖಂಡಿತ ಇದೆ, ಪರದೆ ಏನೇ ಹೇಳಲಿ. ಮೂರನೆಯದು ಯಾವುದಾದರೂ ತಾಣದ ಹೆಸರಿಗೆ. ಎರಡನೆಯದು ಗೆದ್ದು ಮೂರನೆಯದು ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದು ಸೋತರೆ ತಪ್ಪು ಡಿಎನ್‌ಎಸ್‌ನದು. ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಸರ್ವರ್ ಸುಮ್ಮನಾಗಿದೆ. ಅಡಾಪ್ಟರ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಮತ್ತು 1.1.1.1 ತುಂಬಿಸಿ, ‘ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್’ (ipconfig /flushdns) ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೂರೂ ಪಿಂಗ್ ಗೆದ್ದು ಬ್ರೌಸರ್ ಮಾತ್ರ ಹಟ ಹಿಡಿದರೆ ಪರದೆಯ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಇರುತ್ತದೆ. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದು ಅದೇ. ಹಳೆಯ ಡೆಸ್ಕ್‌ಟಾಪಿನಲ್ಲಿ ಅದು ತೀರಿಹೋದರೆ, ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಹಲವಕ್ಕೆ ಒಟ್ಟು ಆಯಸ್ಸೇ 90 ದಿನ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂದು ಬಾಗಿಲು ಹಾಕುತ್ತದೆ. ಗಡಿಯಾರ ತೀರಾ ತಪ್ಪಿದ್ದರೆ ವಿಂಡೋಸ್ ತಾನಾಗಿ ತಿದ್ದಿಕೊಳ್ಳದಿರಬಹುದು. ತಾರೀಖನ್ನು ಕೈಯಾರೆ ಸರಿಮಾಡಿ, ಸೆಲ್ ಬದಲಿಸಿ. ತಾರೀಖೂ ಸರಿಯಿದ್ದರೆ ನೆಟ್ ಸಂಚಾರವನ್ನು ಬೇರೊಂದು ಸರ್ವರಿನ ಮೂಲಕ ತಿರುಗಿಸುವ, ಎಂದೋ ಹಾಕಿ ಮರೆತ ವಿಪಿಎನ್, ಪ್ರಾಕ್ಸಿ ಸೆಟ್ಟಿಂಗುಗಳನ್ನು ಆಫ್ ಮಾಡಿ ನೋಡಿ.

ಫೋನಿಗೂ ನೆಟ್ ಇಲ್ಲದಿದ್ದರೆ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯ ದೀಪಗಳನ್ನು ಓದಬೇಕು. ಫೈಬರ್ ಎಂದರೆ ನೆಟ್ಟನ್ನು ಬೆಳಕಿನ ರೂಪದಲ್ಲಿ ಮನೆಗೆ ತರುವ ಗಾಜಿನ ಎಳೆ. ‘ಎಲ್‌ಒಎಸ್’ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ, ಅಥವಾ ತೀರಾ ಕ್ಷೀಣವಾಗಿದೆ. ‘ಪಾನ್’ ಮಾತ್ರ ಮಿನುಗುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಪೆಟ್ಟಿಗೆಯನ್ನು ಕಂಪನಿಯ ಯಂತ್ರ ಇನ್ನೂ ಒಪ್ಪಿಕೊಂಡಿಲ್ಲ. ಪಾನ್ ಸ್ಥಿರವಾಗಿದ್ದು ‘ಇಂಟರ್ನೆಟ್’ ದೀಪ ಮಾತ್ರ ಆರಿದ್ದರೆ ಲಾಗಿನ್ ಆಗಿಲ್ಲ. ಮೊದಲು ಬಿಲ್ ಕಟ್ಟಿದ್ದೀರಾ ನೋಡಿಕೊಳ್ಳಿ. ದೀಪಗಳೆಲ್ಲ ಒಟ್ಟಿಗೆ ಆರಿ ಮತ್ತೆ ಮತ್ತೆ ಹತ್ತುತ್ತಿದ್ದರೆ ಅಡಾಪ್ಟರನ್ನು ಅನುಮಾನಿಸಿ. ಬರಿದೇ ಅಳೆದಾಗ ಮಲ್ಟಿಮೀಟರ್ 12 ವೋಲ್ಟ್ ತೋರಿಸಿದರೂ ಪೆಟ್ಟಿಗೆಗೆ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯಬಹುದು. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಪಿನ್ನಿನ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ ಅಡಾಪ್ಟರುಗಳು ಹೆಚ್ಚು ಸುಟ್ಟುಹೋಗುತ್ತವೆ. ಗಾಜಿನ ಎಳೆ ಮಿಂಚನ್ನು ಒಯ್ಯದು, ಕರೆಂಟಿನ ತಂತಿ ಒಯ್ಯುತ್ತದೆ. ಮೋಡ ಕವಿದಾಗ ಪ್ಲಗ್ ಕಿತ್ತಿಡುವುದು ಒಳ್ಳೆಯದು.

ಕೆಂಪು ದೀಪದ ವಿಷಯದಲ್ಲಿ ಮನೆಯವರು ಮಾಡಬಹುದಾದದ್ದು ಸ್ವಲ್ಪ ಇದೆ. ಫೈಬರಿನ ನಡುವೆ ಬೆಳಕು ಹರಿಯುವ ದಾರಿ ಕೇವಲ 9 ಮೈಕ್ರೋಮೀಟರ್ ಅಗಲ. ಒಳಗೋಡೆಗೆ ಓರೆಯಾಗಿ ಬಡಿದು ಪುಟಿಯುತ್ತ ಬೆಳಕು ಸಾಗುತ್ತದೆ. ಎಳೆಯನ್ನು ಬಿಗಿಯಾಗಿ ಮಡಿಸಿದರೆ ಆ ಕೋನ ತಪ್ಪಿ ಬೆಳಕು ಹೊರಗೆ ಸೋರಿಹೋಗುತ್ತದೆ. ಸೋಫಾದ ಕಾಲಡಿ ಸಿಕ್ಕಿದೆಯೇ, ಮೊಳೆಗೆ ಕಟ್ಟಿ ಬಿಗಿದಿದ್ದಾರೆಯೇ, ಬಾಗಿಲ ಸಂದಿಯಲ್ಲಿ ಹಿಸುಕಿದೆಯೇ ನೋಡಿ. ಬಾಗು ಎಲ್ಲಿದ್ದರೂ 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗದಿರಲಿ. ತುದಿಯ ಹಸಿರು ಕನೆಕ್ಟರ್ 8 ಡಿಗ್ರಿ ಓರೆಯಾಗಿ ಕತ್ತರಿಸಿದ್ದು, ನೀಲಿಯದು ನೇರ. ಒಂದಕ್ಕೊಂದು ಹೊಂದವು. ತುದಿಯನ್ನು ಬೆರಳಿಂದ ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಲೇಬೇಡಿ. ಒಳಗೆ ಬರುವ 1490 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣದ ಅವಕೆಂಪು.

ಇಷ್ಟಾದರೂ ಕೆಂಪು ಆರದಿದ್ದರೆ ದೋಷ ಹೊರಗಿದೆ. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಎಳೆದ ಎಳೆ ಮಲೆನಾಡಿನಲ್ಲಿ ಕೊಂಬೆ ಬಿದ್ದು, ಪಟ್ಟಣಗಳಲ್ಲಿ ಲಾರಿ ತಗಲಿ, ಎಲ್ಲೆಡೆ ಅಳಿಲು ಕಚ್ಚಿ ಕಡಿಯುತ್ತದೆ. ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಹಾಗಾಗಿ ಅದೇ ಕಂಪನಿಯ ಸಂಪರ್ಕವಿರುವ ಪಕ್ಕದ ಮನೆಯನ್ನು ವಿಚಾರಿಸಿ. ಅವರಿಗೂ ಇಲ್ಲದಿದ್ದರೆ ಮೇಲಿನ ಎಳೆ, ನಿಮಗೊಬ್ಬರಿಗೇ ಇಲ್ಲದಿದ್ದರೆ ಸ್ಪ್ಲಿಟರಿನಿಂದ ನಿಮ್ಮ ಮನೆಗೆ ಬಂದ ಎಳೆ. ಬೆಳಕು ಬರುತ್ತಿದ್ದೂ ನೆಟ್ ಆಗಾಗ ತಪ್ಪುತ್ತಿದ್ದರೆ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’, ಅಂದರೆ ಬಂದು ತಲುಪಿದ ಬೆಳಕಿನ ಬಲ, ಓದಿ. ಬಲವನ್ನು ಅಳೆಯುವ ಡಿಬಿಎಂ ಎಂಬ ಮಾನದಲ್ಲಿ ಅದು ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ಮೈನಸ್ 27 ಎಂದರೆ 2 ಮೈಕ್ರೋವ್ಯಾಟ್ ಬೆಳಕು, ಅಷ್ಟರಲ್ಲೇ ಇಡೀ ಮನೆಯ ನೆಟ್ ನಡೆಯುತ್ತದೆ. ಅದರ ಕೆಳಗಿಳಿದರೆ ಪೆಟ್ಟಿಗೆ ತಡವರಿಸುತ್ತದೆ. ದೂರು ಕೊಡುವಾಗ ‘ನೆಟ್ ಬರ್ತಾ ಇಲ್ಲ’ ಎನ್ನುವ ಬದಲು ಎಲ್‌ಒಎಸ್ ಯಾವಾಗಿನಿಂದ ಕೆಂಪಾಗಿದೆ, ಆರ್‌ಎಕ್ಸ್ ಪವರ್ ಎಷ್ಟು, ಪಕ್ಕದ ಮನೆಯಲ್ಲಿ ಹೇಗಿದೆ, ಅಡಾಪ್ಟರ್ ಬದಲಿಸಿ ನೋಡಿದ್ದೀರಿ ಎಂಬ ನಾಲ್ಕು ಮಾತು ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಬರುವ ಲೈನ್‌ಮ್ಯಾನ್ ಆಗ ಲ್ಯಾಪ್‌ಟಾಪಿನ ಬದಲು ಕಡಿದ ಎಳೆಯನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹೊತ್ತು ಬರುತ್ತಾರೆ.