ಎಣ್ಣೆಯ ಮೇಲೆ ತೇಲುವ ಎಂಜಿನ್

ಮನೆಮಂದಿಯೆಲ್ಲ ಕೂರುವಂಥ ಹಳೆಯ ವ್ಯಾನ್ ಕೊಳ್ಳಲು ಹೊರಟವರು ಮೊದಲು ಬಗ್ಗಿ ನೋಡುವುದು ಓಡೋಮೀಟರನ್ನು. ಅಂಕಿ ಸಣ್ಣದಿದ್ದರೆ ಮುಖ ಅರಳುತ್ತದೆ. ಈ ನಂಬಿಕೆ ಕಂಡರೆ ನನಗೆ ಕಳವಳ. ಹೆದ್ದಾರಿಯಲ್ಲಿ 2 ಲಕ್ಷ ಕಿಲೋಮೀಟರ್ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಎಂಜಿನ್ ಇನ್ನೂ ಗಟ್ಟಿಯಾಗಿರಬಹುದು. ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಆಗಿ, ಬಿಸಿಯೇರುವ ಮೊದಲೇ ನಿಲ್ಲುತ್ತಿದ್ದ ಎಂಜಿನ್ 60,000ಕ್ಕೇ ಸೊರಗಿರಬಹುದು.

ಕಾರಣ ಸೊಗಸಾಗಿದೆ. ಓಡುವ ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ತನ್ನನ್ನು ಹೊತ್ತ ಲೋಹದ ಆಸರೆಗಳಾದ ಬೇರಿಂಗುಗಳನ್ನು ಮುಟ್ಟುವುದೇ ಇಲ್ಲ, ತೇಲುತ್ತದೆ. ನಡುವೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರ. ತಲೆಗೂದಲಿನ ಹತ್ತರಲ್ಲೊಂದು ಪಾಲೂ ಇಲ್ಲ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಬಂದ ಟೈರ್ ನೆಲ ಬಿಟ್ಟು ನೀರಿನ ಮೇಲೇರುತ್ತದಲ್ಲ, ಹಾಗೆ. ಅಥವಾ ಕಾಲಿಗೆ ಹಲಗೆ ಕಟ್ಟಿಕೊಂಡು ದೋಣಿಯ ಹಿಂದೆ ಜಾರುವವರನ್ನು ನೆನೆಯಿರಿ: ವೇಗವಿರುವ ತನಕ ನೀರಿನ ಮೇಲೆ, ದೋಣಿ ನಿಂತರೆ ನೀರಿನೊಳಗೆ. ಎಂಜಿನ್ ನಿಂತಾಗಲೂ ಶಾಫ್ಟ್ ಇಳಿದು ಲೋಹಕ್ಕೆ ಲೋಹ ತಾಗಿ ಕೂರುತ್ತದೆ. ಮತ್ತೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಅದು ಉಜ್ಜಿಕೊಂಡೇ ಮೇಲೇಳಬೇಕು.

ಇದು ಬಯಲಾದ ಬಗೆಯೂ ಚೆನ್ನ. ಇಂಗ್ಲೆಂಡಿನ ಬೀಚಮ್ ಟವರ್ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತ, ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರು. ಎಣ್ಣೆ ಅದರಿಂದಲೇ ಉಕ್ಕಿ ಬಂತು. ಬಿರಡೆ ಹಾಕಿದರು, ಹಾರಿತು. ಮರದ ಬೆಣೆ ಜಡಿದರು, ಅದೂ ಹೊರಬಂತು. 1883ರಲ್ಲಿ ಅವರ ವರದಿ ಹೊರಬಿತ್ತು. ಶಾಫ್ಟ್ ತಿರುಗುತ್ತ ಎಣ್ಣೆಯನ್ನು ಇಕ್ಕಟ್ಟಿಗೆ ಎಳೆದುಕೊಂಡು ಒತ್ತಡ ಹುಟ್ಟಿಸುವ ಲೆಕ್ಕವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿಟ್ಟರು.

ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇರುವ ಸಣ್ಣ ಎಂಜಿನ್ ಆದರೆ ಇನ್ನಷ್ಟು ಎಚ್ಚರ ಬೇಕು. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಟರ್ಬೊ ಶಾಫ್ಟಿಗೂ ಸಾಮಾನ್ಯವಾಗಿ ಇದೇ ಪದರವೇ ಆಸರೆ. ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇದ್ದರೆ, ಅದನ್ನು ಬದಲಾಯಿಸಿದ ರಸೀದಿಯನ್ನೂ ಕೇಳಿ.

ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದಾಗ ಗಲಗಲ ಸದ್ದು ಕೆಲವು ಕ್ಷಣ ಮುಂದುವರಿದರೆ, ಬೆಲ್ಟಿನ ಬದಲಿಗೆ ಇರುವ ಟೈಮಿಂಗ್ ಚೈನ್ ಸವೆದಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ನಿಲ್ಲಿಸಿ, ಆಯಿಲ್ ಮುಚ್ಚಳ ತೆಗೆದು ಅದರ ಒಳಬದಿಗೆ ಬೆರಳಾಡಿಸಿ. ಜೇನಿನ ಬಣ್ಣದ ತೆಳು ಲೇಪವಿದ್ದರೆ ಮಾತು ಮುಂದುವರಿಸಬಹುದು. ಕಾಡಿಗೆಯಂಥ ಕಪ್ಪು ಜಿಗುಟು ಮೆತ್ತಿಕೊಂಡಿದ್ದರೆ, ಓಡೋಮೀಟರ್ ಎಷ್ಟೇ ತೋರಿಸಲಿ, ನಾನಂತೂ ಮುಚ್ಚಳ ಹಾಕಿ ಕೈ ಒರೆಸಿಕೊಂಡು ಹೊರಡುತ್ತೇನೆ.