ವಿಮಾನ ದಾರಿ ತಪ್ಪುವುದು ನೆಲದ ಮೇಲೆಯೇ

2015ರ ಮಾರ್ಚ್ 10. ಏರ್‌ಏಷ್ಯಾ ಎಕ್ಸ್‌ನ ಎ330 ವಿಮಾನ ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಡಬೇಕಿತ್ತು. ಹೊರಡುವ ಮುಂಚೆ ಪೈಲಟ್‌ಗಳಲ್ಲಿ ಒಬ್ಬರು ಕೆಳಗಿಳಿದು ವಿಮಾನದ ಸುತ್ತ ನಡೆದು ಎಲ್ಲ ಸರಿಯಿದೆಯಾ ಅಂತ ನೋಡಬೇಕು. ಅವತ್ತು ಕ್ಯಾಪ್ಟನ್‌ಗೆ ಹಾಕಿಕೊಳ್ಳಲು ಸದ್ದಿನಿಂದ ಕಿವಿ ಕಾಯುವ ಸರಿಯಾದ ಇಯರ್‌ಮಫ್ ಇರಲಿಲ್ಲ, ಹಾಗಾಗಿ ಕೋ-ಪೈಲಟ್ ಇಳಿದರು. ಕೋ-ಪೈಲಟ್ ಮಾಡಬೇಕಿದ್ದ ಕೆಲಸ ಕ್ಯಾಪ್ಟನ್ ಕೈಗೆ ಬಂತು: ವಿಮಾನ ಈಗ ಎಲ್ಲಿ ನಿಂತಿದೆ ಅಂತ ಕಂಪ್ಯೂಟರಿಗೆ ಹೇಳುವುದು. ಒತ್ತಬೇಕಿದ್ದ ರೇಖಾಂಶ 15109.8, ಅಂದರೆ 151 ಡಿಗ್ರಿ 9.8 ನಿಮಿಷ ಪೂರ್ವ. ಒತ್ತಿದ್ದು 01519.8. ಅದು 15 ಡಿಗ್ರಿ. ಕಂಪ್ಯೂಟರಿನ ಲೆಕ್ಕದಲ್ಲಿ ವಿಮಾನ 11,000 ಕಿ.ಮೀ.ಗಿಂತ ಜಾಸ್ತಿ ದೂರದಲ್ಲಿ, ಆಫ್ರಿಕಾದ ತುದಿಯ ಹತ್ತಿರ ಸಮುದ್ರದಲ್ಲಿತ್ತು!

ಏನೋ ಸರಿಯಿಲ್ಲ ಅಂತ ಯಂತ್ರ ಹೊರಡುವ ಮೊದಲೇ ಸೂಚನೆ ಕೊಟ್ಟಿತ್ತು. ಯಾರೂ ಅದರ ಬೆನ್ನು ಹತ್ತಲಿಲ್ಲ. ಮೇಲೇರಿ 410 ಅಡಿಯಲ್ಲಿ ಆಟೋಪೈಲಟ್ ಹಾಕುತ್ತಿದ್ದಂತೆ ವಿಮಾನ ಎಡಕ್ಕೆ ವಾಲಿತು. ಎಡಕ್ಕೇ ಪಕ್ಕದ ರನ್‌ವೇ ಇತ್ತು, ಅಲ್ಲಿಂದ ಹೊರಡುವ ವಿಮಾನಗಳ ದಾರಿಯನ್ನೇ ಇದು ಅಡ್ಡ ದಾಟಿತು. ಸಿಡ್ನಿಯಲ್ಲಿ ಮೋಡ ಕೆಳಗಿದ್ದುದರಿಂದ ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ.

ಇದನ್ನು ಓದುವಾಗ ನನಗೆ 1989ರ ಸೆಪ್ಟೆಂಬರ್ 3ರ ಬ್ರೆಜಿಲ್ ನೆನಪಾಗುತ್ತದೆ. ವರಿಗ್ ಕಂಪನಿಯ 737 ಮರಬಾದಿಂದ ಬೆಲೆಂಗೆ ಹೊರಟಿತ್ತು. ಫ್ಲೈಟ್ ಪ್ಲಾನ್‌ನಲ್ಲಿ ದಿಕ್ಕು ಅಂತ 0270 ಎಂದು ಅಚ್ಚಾಗಿತ್ತು. ಅದನ್ನು 027.0 ಡಿಗ್ರಿ ಅಂತ ಓದಬೇಕು. ಬಿಂದು ಇರಲಿಲ್ಲ. ಕ್ಯಾಪ್ಟನ್ 270 ಅಂತ ಇಟ್ಟರು. ಕೋ-ಪೈಲಟ್ ಆಗ ಎಲ್ಲಿದ್ದರು? ಅಲ್ಲೂ ಕೆಳಗೆ, ವಿಮಾನದ ಸುತ್ತ ನಡೆಯುತ್ತಿದ್ದರು. ಒಳಗೆ ಬಂದವರು ಕಾಗದ ನೋಡಲಿಲ್ಲ, ಕ್ಯಾಪ್ಟನ್ ಇಟ್ಟ ಅಂಕಿಯನ್ನೇ ಸುಮ್ನೆ ತಮ್ಮ ಕಡೆಗೂ ಇಟ್ಟುಕೊಂಡರು. ಉತ್ತರಕ್ಕೆ ಹೋಗಬೇಕಿದ್ದ ವಿಮಾನ ಸಂಜೆ ಹೊತ್ತಿನಲ್ಲಿ ಮುಳುಗುವ ಸೂರ್ಯನ ಕಡೆಗೆ ಹೊರಟಿತು. ಇಂಧನ ಮುಗಿದು ರಾತ್ರಿ ಅಮೆಜಾನ್ ಕಾಡಿನ ಮೇಲೆ ಬಿತ್ತು. ಇಬ್ಬರ ಎರಡು ಕಡೆಯೂ ಒಂದೇ ಅಂಕಿ ಇತ್ತು, ನಿಜ. ಆದರೆ ಅದನ್ನು ಪರೀಕ್ಷೆ ಅನ್ನಲಾಗದು, ನಕಲು ಅಷ್ಟೇ.

ಅಂಕಿ ಸರಿಯಿದ್ದರೂ ಸಾಲದು. 1983ರಲ್ಲಿ ಆಂಕರೇಜ್‌ನಿಂದ ಹೊರಟ ಕೊರಿಯನ್ ಏರ್‌ಲೈನ್ಸ್ 007ರ ಆಟೋಪೈಲಟ್ ಹೆಡಿಂಗ್ ಮೋಡ್‌ನಲ್ಲೇ (ತುಂಬಿಸಿದ ದಾರಿ ಬಿಟ್ಟು ಒಂದೇ ದಿಕ್ಕು ಹಿಡಿದು ಹೋಗುವ ಸ್ಥಿತಿ) ಉಳಿದು, ವಿಮಾನ ಸೋವಿಯತ್ ಗಡಿಯೊಳಗೆ ಹೋಯಿತು. ಅದನ್ನು ಹೊಡೆದುರುಳಿಸಿದಾಗ 269 ಜನ ಸತ್ತರು.

ಗಿಜಿಗುಟ್ಟುವ ನಿಲ್ದಾಣಗಳಲ್ಲಿ ಈ ತಪ್ಪಿಗೆ ಇನ್ನೊಂದು ರೂಪವಿದೆ. ಮೊದಲೆಲ್ಲ ಹೊರಟ ವಿಮಾನಕ್ಕೆ ಕಂಟ್ರೋಲರ್ ರೇಡಿಯೊದಲ್ಲಿ 'ಎಡಕ್ಕೆ ತಿರುಗಿ, ಇಷ್ಟು ಡಿಗ್ರಿ' ಅಂತ ಹೇಳಿ ಹೇಳಿಯೇ ದಾರಿ ತೋರಿಸುತ್ತಿದ್ದರು. ಬಾಯಿಗೂ ಕಿವಿಗೂ ಬಿಡುವಿಲ್ಲ. 2005ರ ಆಸುಪಾಸಿನಲ್ಲಿ ಅಮೆರಿಕದ ಅಟ್ಲಾಂಟಾ, ಡಲ್ಲಾಸ್‌ನಂಥ ಕಡೆ ಆರ್‌ನ್ಯಾವ್ ನಿರ್ಗಮನ ದಾರಿಗಳು ಬಂದವು. ದಾರಿಯೆಲ್ಲ ಕಂಪ್ಯೂಟರಿನಲ್ಲೇ ಇರುತ್ತದೆ, ಐದಕ್ಷರದ ಹೆಸರಿನ ಬಿಂದುಗಳ ಸಾಲಾಗಿ. ಮಾತು ಕಡಿಮೆಯಾಯಿತು. ಆದರೆ ಆ ದಾರಿಯ ಮೊದಲ ಬಿಂದು ರನ್‌ವೇಯಿಂದ ರನ್‌ವೇಗೆ ಬೇರೆ. ಗೇಟಿನಲ್ಲಿ ನಿಂತಾಗಲೇ ಕಂಪ್ಯೂಟರಿಗೆ ಒಂದು ರನ್‌ವೇ ತುಂಬಿಸಿರುತ್ತಾರೆ. ಚಲಿಸುತ್ತಿರುವಾಗ ಗಾಳಿ ತಿರುಗಿ ರನ್‌ವೇ ಬದಲಾಗುತ್ತದೆ. ಒಬ್ಬರು ತಲೆ ತಗ್ಗಿಸಿ ಹೊಸದನ್ನು ತುಂಬಬೇಕು, ಇನ್ನೊಬ್ಬರ ಕಣ್ಣು ಟ್ಯಾಕ್ಸಿವೇ ಮೇಲಿರಬೇಕು. ಆ ಗಡಿಬಿಡಿಯಲ್ಲಿ ಹಳೆಯದೇ ಉಳಿದರೆ? ಹಲವು ಬೋಯಿಂಗ್‌ಗಳಲ್ಲಿ ಮೊದಲೇ ಸಜ್ಜು ಮಾಡಿಟ್ಟ ಎಲ್‌ನ್ಯಾವ್, ಅಂದರೆ ಕಂಪ್ಯೂಟರಿನ ದಾರಿ ಹಿಡಿಸುವ ವ್ಯವಸ್ಥೆ, 50 ಅಡಿ ಎತ್ತರಕ್ಕೇ ಕೆಲಸ ಶುರು ಮಾಡುತ್ತದೆ. ಸಮಾನಾಂತರ ರನ್‌ವೇಗಳಿಂದ ಒಟ್ಟೊಟ್ಟಿಗೆ ಎರಡು ವಿಮಾನ ಹೊರಡುವ ಕಡೆ, ತಪ್ಪು ಕಡೆಗೆ ತಿರುಗಿದರೆ ತಿದ್ದಲು ಸಿಗುವುದು ಕೆಲವೇ ಸೆಕೆಂಡು.

ಇದಕ್ಕೆ ಅಮೆರಿಕದಲ್ಲಿ ತಂದ ಮದ್ದು ನನಗೆ ತುಂಬಾ ಇಷ್ಟ. ಏಕೆಂದರೆ ಅದು ಯಂತ್ರವೇ ಅಲ್ಲ, ಒಂದು ಸಾಲಿನ ಮಾತು. ಟೇಕಾಫ್‌ಗೆ ಅನುಮತಿ ಕೊಡುವಾಗ ಟವರ್ ಮೊದಲ ಬಿಂದುವಿನ ಹೆಸರನ್ನೂ ಹೇಳುತ್ತದೆ: 'ಆರ್‌ನ್ಯಾವ್ ಟು ಎಂಪಾಸ್, ರನ್‌ವೇ 26 ಲೆಫ್ಟ್, ಕ್ಲಿಯರ್ಡ್ ಫಾರ್ ಟೇಕಾಫ್.' ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಹೇಳುವಾಗ ಕಣ್ಣು ಪರದೆಯ ಕಡೆ ಹೋಗುತ್ತದೆ. ಅಲ್ಲಿ ಬೇರೆ ಹೆಸರಿದ್ದರೆ ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಗೊತ್ತಾಗುತ್ತದೆ. ಕಾಕ್‌ಪಿಟ್‌ನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನಕಲು ಮಾಡಿದ್ದರೂ ಟವರ್‌ನಲ್ಲಿ ಕೂತವರ ಹಾಳೆ ಬೇರೆಯದು, ಅಲ್ವಾ?

ಯಂತ್ರಗಳೂ ಸುಧಾರಿಸಿವೆ, ಸುಳ್ಳಲ್ಲ. ಸಿಡ್ನಿಯ ತಪ್ಪನ್ನು ತಡೆಯುವಂಥ ಹೊಸ ಫ್ಲೈಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ (ದಾರಿ ನೋಡಿಕೊಳ್ಳುವ ಕಂಪ್ಯೂಟರ್) ಅಷ್ಟರಲ್ಲಾಗಲೇ ಬಂದಿತ್ತು. ಆ ವಿಮಾನಕ್ಕೆ ಅದನ್ನು ಹಾಕಿರಲಿಲ್ಲ, ಅಷ್ಟೇ.