ಅಂಗಡಿಯವನಿಗೆ ಮೊದಲೇ ಗೊತ್ತಿತ್ತು

ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಯ ಅಟ್ಟವನ್ನು ಮಳೆಗಾಲಕ್ಕೆ ಮುಂಚೆ ಗುಡಿಸುವಾಗ, ಅಡಿಕೆ ತುಂಬುವ ಗೋಣಿಚೀಲಗಳ ಹಿಂದೆ ಒಂದೊಂದು ಕಿಲೋ ಸಕ್ಕರೆಯ ಹದಿನಾಲ್ಕು ಪೊಟ್ಟಣಗಳು ಸಿಕ್ಕವು. ಇರುವೆಯ ಸಾಲು ಹಿಡಿದು ಹೋದ ಸೊಸೆಗೆ ಅದು ಕಣ್ಣಿಗೆ ಬಿದ್ದಿತ್ತು. ಮಗ ಕಿರಾಣಿ ಅಂಗಡಿಗೆ ಹೋಗಿ ವಿಚಾರಿಸಿದಾಗ ಅಂಗಡಿಯವನು ಉದ್ರಿ ಪುಸ್ತಕವನ್ನು ಮುಂದಿಟ್ಟು, "ಎರಡು ತಿಂಗಳಿಂದ ಹೀಗೇ. ಬೆಳಿಗ್ಗೆ ಒಯ್ದಿದ್ದು ಮರೆತು ಸಂಜೆ ಮತ್ತೆ ಬರ್ತಾರೆ. ಮಾಸ್ತರ್ರಿಗೆ ಬೇಡ ಅನ್ನೋದು ಹೇಗೆ? ನಿಮಗೆ ಹೇಳಿದ್ರೆ ನೀವು ಏನು ತಿಳ್ಕೊಳ್ತೀರೋ ಅಂತ ಸುಮ್ನಿದ್ದೆ" ಎಂದನಂತೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಗುವುದು, ಊರು ಸಂಕೋಚದಿಂದ ಬಾಯಿ ಬಿಡದಿರುವುದು, ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುವುದು, ಇವು ಮನೋವೈದ್ಯನಾಗಿ ನಾನು ಘಟ್ಟದ ಮೇಲೂ ಕೆಳಗೂ ಮತ್ತೆ ಮತ್ತೆ ಕಂಡಿರುವ ಸಂಗತಿಗಳು.

ತಂದೆಗೋ ತಾಯಿಗೋ ನೆನಪನ್ನು ಮೆಲ್ಲನೆ ಅಳಿಸುವ ಮಿದುಳಿನ ಕಾಯಿಲೆಯಾದ ಅಲ್ಝೈಮರ್ಸ್ ಬಂದಿದೆ ಎಂದು ತಿಳಿದ ದಿನ ಹೆಚ್ಚಿನವರು ಕೇಳುವ ಪ್ರಶ್ನೆ, "ನಮ್ಮ ಕಡೆ ಇಂಥವರನ್ನು ನೋಡಿಕೊಳ್ಳುವ ಸಂಸ್ಥೆ ಇದೆಯೇ?" ಎಂಬುದು. ಹಗಲು ಆರೈಕೆ ಕೇಂದ್ರ, ತರಬೇತಿ ಪಡೆದ ಆರೈಕೆದಾರರು ಇವೆಲ್ಲ ಬಹುಮಟ್ಟಿಗೆ ದೊಡ್ಡ ನಗರಗಳ ಸೌಲಭ್ಯಗಳು. ತೋಟದ ನಡುವಿನ ಒಂಟಿ ಮನೆಗೆ ಅವು ಬರುವುದನ್ನು ಕಾಯುತ್ತ ಕೂರುವ ಬದಲು, ನಿಮ್ಮ ತಂದೆಯನ್ನು ಈಗಾಗಲೇ ದಿನನಿತ್ಯ ನೋಡುತ್ತಿರುವ ಹತ್ತು ಹನ್ನೆರಡು ಮಂದಿ ಯಾರೆಂದು ಎಣಿಸಿ ಎಂದು ನಾನು ಹೇಳುತ್ತೇನೆ.

ಅದಕ್ಕೂ ಮೊದಲು ಕಾಯಿಲೆ ಇದೇ ಎಂಬುದು ಖಚಿತವಾಗಬೇಕು. "ಅರವತ್ತಕ್ಕೆ ಅರಳು ಮರಳು" ಎಂಬ ಮಾತು ನಮ್ಮಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ದೇಶವ್ಯಾಪಿ ಸಮೀಕ್ಷೆಯೊಂದನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ನೆನಪು, ಬುದ್ಧಿ ಕುಂದಿಸುವ ಮಿದುಳಿನ ಕಾಯಿಲೆಗಳ ಒಟ್ಟು ಹೆಸರು) ಇದೆ. ಅದು ವಯೋಸಹಜವಾಗಿದ್ದರೆ ನೂರರಲ್ಲಿ ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಏಕಿಲ್ಲ? ಇನ್ನೊಂದೆಡೆ, ಮರೆವೆಲ್ಲ ಅಲ್ಝೈಮರ್ಸ್ ಅಲ್ಲ. ಥೈರಾಯ್ಡ್ ಕೊರತೆ, ಖಿನ್ನತೆ, ಸಸ್ಯಾಹಾರಿ ಮನೆಗಳ ಹಿರಿಯರಲ್ಲಿ ಮುಖ್ಯವಾಗಿ ಬಿ12 ಜೀವಸತ್ವದ ಕೊರತೆ, ಇವೂ ಮರೆವು ತರುತ್ತವೆ ಮತ್ತು ಇವಕ್ಕೆ ಚಿಕಿತ್ಸೆಯಿದೆ. ನಿನ್ನೆಯವರೆಗೆ ಸರಿಯಿದ್ದವರು ಎರಡೇ ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಮೂತ್ರದ ಸೋಂಕನ್ನೋ ರಕ್ತದಲ್ಲಿ ಸೋಡಿಯಂ ಇಳಿದಿರುವುದನ್ನೋ ಶಂಕಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಾಸ್ತರರ ಮನೆಯ ಕಥೆಗೆ ಮರಳುತ್ತೇನೆ. ಅವರು ಹಿಂದೆ ಕುಮಟಾದ ಕಡೆ ಬಹುಕಾಲ ಪಾಠ ಮಾಡಿದವರಾದ್ದರಿಂದ, ಸಂಜೆಯಾದರೆ "ನಾಳೆ ಶಾಲೆ ಇದೆ" ಎಂದು ಕೊಡೆ ಹಿಡಿದು ಬಸ್ಸಿಗೆ ಹೊರಡುತ್ತಿದ್ದರು. ಹೊಸ ನೆನಪು ಮೊದಲು ಅಳಿಯುವುದರಿಂದ ನಿವೃತ್ತಿಯೇ ಅವರ ಪಾಲಿಗೆ ನಡೆದಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದು ಸಿಟ್ಟಿಗೆ ಕಾರಣವಾಯಿತೇ ಹೊರತು ಪರಿಹಾರವಾಗಲಿಲ್ಲ. ಆಗ ಮಗ ಒಂದು ಭಾನುವಾರ ಕಿರಾಣಿ ಅಂಗಡಿ, ರಿಕ್ಷಾ ಸ್ಟ್ಯಾಂಡು, ಸೇವಾ ಸಹಕಾರಿ ಸಂಘ, ದೇವಸ್ಥಾನದ ಭಟ್ಟರು, ಪಕ್ಕದ ತೋಟದವರು, ಕುಮಟಾ ಬಸ್ಸಿನ ಕಂಡಕ್ಟರು, ಹೀಗೆ ಒಬ್ಬೊಬ್ಬರ ಬಳಿಯೂ ಹೋಗಿ ಬಂದರು. ಹೇಳಬೇಕಾದ ಮಾತನ್ನು ನಾವಿಬ್ಬರೂ ಕೂತು ಮೊದಲೇ ಹೊಂದಿಸಿಕೊಂಡಿದ್ದೆವು: "ಅಪ್ಪಯ್ಯನ ಮಿದುಳಿಗೆ ಕಾಯಿಲೆ ಬಂದಿದೆ. ಹಳೆಯದು ನೆನಪಿದೆ, ಈಗ ನಡೆದದ್ದು ಉಳಿಯುವುದಿಲ್ಲ. ಒಬ್ಬರೇ ಕಂಡರೆ ಮಾತನಾಡಿಸಿ ಕೂರಿಸಿಕೊಂಡು ನನಗೆ ಫೋನು ಮಾಡಿ. ಅವರು ಹೇಳಿದ್ದು ತಪ್ಪೆಂದು ಮಾತ್ರ ವಾದಿಸಬೇಡಿ." ಅಂಗಡಿಯವನು ತಾನಾಗಿಯೇ ಒಂದು ಉಪಾಯ ಹೂಡಿದ. ಮಾಸ್ತರರು ಕೇಳಿದಾಗಲೆಲ್ಲ ಸಕ್ಕರೆ ಕಟ್ಟಿಕೊಡುವುದು, ಸೊಸೆ ಸಂಜೆ ಅದೇ ಪೊಟ್ಟಣವನ್ನು ಹಿಂದಿರುಗಿಸುವುದು, ಉದ್ರಿ ಪುಸ್ತಕದಲ್ಲಿ ಅದಕ್ಕೆ ಲೆಕ್ಕ ಬರೆಯದಿರುವುದು. ಪಟ್ಟಣದಲ್ಲಿ ಕಲಿತ ನನಗೆ ಇಷ್ಟು ಒಳ್ಳೆಯ ಸಲಹೆ ಹೊಳೆದಿರಲಿಲ್ಲ.

ಹೇಳಿಕೊಳ್ಳುವುದಕ್ಕೂ ಸಾರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಒತ್ತಿ ಹೇಳಬೇಕು. ಅಡಿಕೆಯ ಹಣ, ತೋಟದ ಪಹಣಿ, ಬ್ಯಾಂಕಿನ ಖಾತೆ ಇರುವ ಮನೆಯಲ್ಲಿ ಯಜಮಾನರಿಗೆ ಮರೆವು ಎಂದು ತಿಳಿದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವವರೂ ಇರುತ್ತಾರೆ. ಆದ್ದರಿಂದ ಕಾಯಿಲೆಯ ಆರಂಭದಲ್ಲಿ, ಹಿರಿಯರಿಗೆ ತಿಳಿದು ಒಪ್ಪುವ ಶಕ್ತಿ ಇರುವಾಗಲೇ, ಅವರ ಇಚ್ಛೆಯಂತೆ ಖಾತೆಗೆ ಜಂಟಿ ಹೆಸರು ಸೇರಿಸುವ ಮತ್ತು ಉಯಿಲು ಬರೆಸುವ ಕೆಲಸವನ್ನು ವಕೀಲರ ಸಲಹೆ ಪಡೆದು ಮುಗಿಸಿಕೊಳ್ಳುವುದು ಲೇಸು. ಮುಖ್ತ್ಯಾರು ಪತ್ರವೊಂದಿದ್ದರೆ (ಪವರ್ ಆಫ್ ಅಟಾರ್ನಿ) ಸಾಕೆಂದು ಹಲವರು ನಂಬಿದ್ದಾರೆ. ಬರೆದುಕೊಟ್ಟವರ ಬುದ್ಧಿಸ್ಥಿಮಿತ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಅದು ಊರ್ಜಿತವಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ನೆರೆಹೊರೆ ಎಂದರೆ ಬೆಂಗಳೂರಿನಲ್ಲಿರುವ ಒಡಹುಟ್ಟಿದವರು. ವಾರಕ್ಕೊಮ್ಮೆ ಐದು ನಿಮಿಷ ಫೋನಿನಲ್ಲಿ ಮಾತನಾಡಿದಾಗ ಅಪ್ಪ "ಆರಾಮಿದ್ದೇನೆ, ಮಳೆ ಜೋರು" ಎಂದು ಸ್ಪಷ್ಟವಾಗಿಯೇ ಹೇಳುತ್ತಾರೆ. ಉಪಚಾರದ ಮಾತುಗಳು ಈ ಕಾಯಿಲೆಯಲ್ಲಿ ಬಹಳ ತಡವಾಗಿ ಮಾಯವಾಗುತ್ತವೆ. ಆದ್ದರಿಂದ ಮನೆಯಲ್ಲಿ ನೋಡಿಕೊಳ್ಳುವ ಸೊಸೆ ಏನನ್ನು ಹೇಳಿದರೂ ದೊಡ್ಡದು ಮಾಡಿ ಹೇಳಿದಂತೆ ಕೇಳಿಸುತ್ತದೆ. ಅಂಥವರಿಗೆ ನಾನು ಔಷಧ ಚೀಟಿಯಲ್ಲಿ ಬರೆಯುವಷ್ಟೇ ಗಂಭೀರವಾಗಿ ಹೇಳುವುದೇನೆಂದರೆ, ಹಣ ಕಳಿಸುವುದರ ಜೊತೆಗೆ ವರ್ಷದಲ್ಲಿ ಎರಡು ಬಾರಿ ಹತ್ತು ಹತ್ತು ದಿನ ಬಂದು ನೀವೇ ನೋಡಿಕೊಳ್ಳಿ, ಆ ದಿನಗಳಲ್ಲಿ ಆಕೆ ತವರಿಗೆ ಹೋಗಿ ಬರಲಿ. ಮೂರನೆಯ ರಾತ್ರಿಯ ಹೊತ್ತಿಗೆ ವಾದ ಮುಗಿದಿರುತ್ತದೆ.

ಕರಾವಳಿಯ ಮನೆಗಳಲ್ಲಿ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕಾರವಾರದ ಕಡೆಯ ಹೆಣ್ಣುಮಗಳೊಬ್ಬಳ ತಾಯಿ ಜೀವನವಿಡೀ ಮನೆಯಲ್ಲಿ ಕೊಂಕಣಿಯನ್ನೂ ಹೊರಗೆ ಕನ್ನಡವನ್ನೂ ಆಡಿದವರು. ಕಾಯಿಲೆ ಬೆಳೆದಂತೆ ಅವರ ಕನ್ನಡ ಮೊದಲು ಹೋಯಿತು. ನಂತರ ಕಲಿತ ಭಾಷೆ ಮೊದಲು ಸಡಿಲವಾಗುವುದು ಹಲವರಲ್ಲಿ ಕಾಣುವ ಸಂಗತಿ. ಸಂಬಳ ಕೊಟ್ಟು ತಂದ ಬಯಲುಸೀಮೆಯ ಶುಶ್ರೂಷಕಿ ಸ್ನಾನಕ್ಕೆ ಕರೆದರೆ ತಾಯಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು, ಏಕೆಂದರೆ ಗುರುತಿಲ್ಲದವಳೊಬ್ಬಳು ಅರ್ಥವಾಗದ ಮಾತಾಡುತ್ತ ಸೀರೆ ಎಳೆಯುತ್ತಿದ್ದಾಳೆಂದೇ ಅವರು ತಿಳಿದಿದ್ದರು. ಮೀನು ಮಾರಲು ಬರುತ್ತಿದ್ದ ಪರಿಚಯದ ಹೆಂಗಸು ಒಂದು ದಿನ ಕೊಂಕಣಿಯಲ್ಲಿ ಬಂಗಡೆಯ ದರ ಹೇಳುತ್ತಲೇ ಅವರನ್ನು ಬಚ್ಚಲಿಗೆ ಕರೆದೊಯ್ದಳು. ಈಗ ವಾರದಲ್ಲಿ ಮೂರು ದಿನ, ಮೀನು ಮಾರಿ ಮುಗಿದ ಮೇಲೆ, ಸಂಬಳಕ್ಕೇ ಅವಳು ಬರುತ್ತಾಳೆ. ನೆರವು ಹುಡುಕುವಾಗ ತರಬೇತಿಗಿಂತ ಮೊದಲು ಭಾಷೆಯನ್ನು ನೋಡಿ.

ತಿಂಗಳಿಗೊಮ್ಮೆ ನಮ್ಮಲ್ಲಿ ಏಳೆಂಟು ಮನೆಗಳವರು ಸೇರುತ್ತೇವೆ. ಅಲ್ಲಿ ನನ್ನ ಪಾತ್ರ ಚಹಾ ತರಿಸುವುದಕ್ಕಿಂತ ಹೆಚ್ಚಿನದಲ್ಲ. ರಾತ್ರಿ ಅಂಗಳದ ಬಾವಿಗೆ ಬಲೆ ಹಾಕಿ ಮುಚ್ಚುವುದು ಹೇಗೆ, ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟದಂತೆ ಬೇಲಿಯ ದಣಪೆಯನ್ನು ಎಲ್ಲಿ ಕಟ್ಟಬೇಕು, ಅಮ್ಮನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದಾಗ ಏನು ಮಾಡಿದೆ, ಇಂಥವನ್ನು ಅವರು ಪರಸ್ಪರ ಹೇಳಿಕೊಳ್ಳುತ್ತಾರೆ. ಕೊನೆಯದನ್ನು ವೈದ್ಯರ ಎದುರು ಯಾರೂ ಹೇಳುವುದಿಲ್ಲ.

ಸರ್ಕಾರದ ಕಡೆಯಿಂದ ಸಿಗುವುದನ್ನೂ ಬಿಡಬಾರದು. ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಆಪ್ತಸಮಾಲೋಚನೆ ದೊರೆಯುತ್ತದೆ, ಮತ್ತು ಅದು ಆರೈಕೆ ಮಾಡುವವರಿಗೂ ಸಲ್ಲುವ ಸೇವೆ. ಹಿರಿಯ ನಾಗರಿಕರ ಸಹಾಯವಾಣಿ 14567. 1992ರಲ್ಲಿ ಕೇರಳದಲ್ಲಿ ಆರಂಭವಾದ, ಇಂಥ ಕಾಯಿಲೆಯವರ ಕುಟುಂಬಗಳಿಗೆ ನೆರವಾಗುವ ಸರ್ಕಾರೇತರ ಎಆರ್‌ಡಿಎಸ್‌ಐ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಶಾಖೆಯಿದೆ. ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿಡಿ.

ಕಾಯಿಲೆ ಮುಂದುವರಿದಂತೆ ಬೇಕಾಗುವ ಜನ ಬದಲಾಗುತ್ತಾರೆ. ಮಾಸ್ತರರು ಈಗ ಹಾಸಿಗೆ ಬಿಟ್ಟು ಏಳುವುದಿಲ್ಲವಾದ್ದರಿಂದ ಕಂಡಕ್ಟರರ ಕಾವಲು ಬೇಕಿಲ್ಲ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಲು ಇನ್ನೊಂದು ಜೊತೆ ಕೈಗಳು ಬೇಕು. ಮಗ ಕೆಲಸಕ್ಕೆ ಹೋಗಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಅಂಗಡಿಗೆ ಬಾಗಿಲು ಹಾಕಿ ಊಟಕ್ಕೆ ಹೋಗುವ ದಾರಿಯಲ್ಲಿ, ಕಿರಾಣಿಯವನು ಒಳಬಂದು ಸೊಸೆಯ ಜೊತೆ ಹಚ್ಚಡದ ಇನ್ನೊಂದು ಅಂಚನ್ನು ಹಿಡಿಯುತ್ತಾನೆ.